ಹೋದವರೂ ಉಳಿದ ಮನೆಯೂ

ಅಭಿಮಾನವೆಂಬುದು ವ್ಯಕ್ತಿಗೆ ಸಲ್ಲತಕ್ಕುದೋ, ಆ ವ್ಯಕ್ತಿಯನ್ನು ಬೆಳೆಸಿದ ಸಂಸ್ಥೆಗೆ ಸಲ್ಲತಕ್ಕುದೋ ಎಂಬ ಪ್ರಶ್ನೆ ಎಲ್ಲ ಕಾಲದಲ್ಲಿಯೂ ಇದ್ದುದೇ. ಇಬ್ಬರೂ ಒಂದೇ ಕಡೆ ಇರುವಷ್ಟು ದಿನ ಅದು ಯಾರ ಮನಸ್ಸಿಗೂ ತೋರುವುದಿಲ್ಲ. ಮನೆಗೆ ಕೀರ್ತಿ ತಂದವನು ಒಂದು ದಿನ ಗಂಟು ಕಟ್ಟಿಕೊಂಡು ದೊಡ್ಡ ಊರಿನ ದಾರಿ ಹಿಡಿದಾಗ ಮಾತ್ರ, ಜಗಲಿಯ ಮೇಲೆ ನಿಂತವರಿಗೆ ತಾವು ಇಷ್ಟು ದಿನ ಪ್ರೀತಿಸಿದ್ದು ಯಾರನ್ನು ಎಂಬ ಯೋಚನೆ ಹುಟ್ಟುತ್ತದೆ.

ಅಮೆರಿಕ ದೇಶದಲ್ಲಿ ಬೇಸ್‌ಬಾಲ್ ಎಂಬ ಚೆಂಡಿನಾಟವುಂಟು. ಅಲ್ಲಿಯ ಟೆನೆಸಿ ವಿಶ್ವವಿದ್ಯಾಲಯದ ತಂಡಕ್ಕೆ ಟೋನಿ ವಿಟೆಲೊ ಎಂಬವರು ೨೦೧೭ರಲ್ಲಿ ಶಿಕ್ಷಕರಾಗಿ ಬಂದರು. ೨೦೨೪ರಲ್ಲಿ ಆ ತಂಡವು ಕಾಲೇಜುಗಳ ರಾಷ್ಟ್ರೀಯ ಸ್ಪರ್ಧೆಯನ್ನು ಮೊದಲ ಬಾರಿಗೆ ಗೆದ್ದಿತು. ೨೦೨೫ರ ಅಕ್ಟೋಬರಿನಲ್ಲಿ ಅವರು ಕಾಲೇಜಿನ ಅಂಗಳದಿಂದ ನೇರವಾಗಿ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಎಂಬ ವೃತ್ತಿತಂಡದ ಮುಖ್ಯಸ್ಥರಾಗಿ ಹೊರಟರು. ಇಂಥ ಸಂದರ್ಭದಲ್ಲಿ ಅಭಿಮಾನಿಯ ಮನಸ್ಸು ಇಬ್ಭಾಗವಾಗುವುದು ಸಹಜ. ನಮ್ಮವನು ದೊಡ್ಡವನಾದನೆಂದು ಅರ್ಧ ಮನಸ್ಸು ಹಿಗ್ಗುತ್ತದೆ. ನಮ್ಮನ್ನು ಬಿಟ್ಟುಹೋದನಲ್ಲಾ ಎಂದು ಇನ್ನರ್ಧ ಕೊರಗುತ್ತದೆ.

ಬೇಸ್‌ಬಾಲಿನ ಮಾತು ದೂರದ್ದೆನಿಸಿದರೆ ವಾಚಕರು ತಮ್ಮ ಮನೆಯ ಹುಡುಗರೊಡನೆ ಕ್ರಿಕೆಟ್ಟಿನ ಮಾತು ತೆಗೆದು ನೋಡಬಹುದು. ೨೦೦೮ರಲ್ಲಿ ಬೆಂಗಳೂರಿನ ತಂಡಕ್ಕೆ ನಾಯಕರಾಗಿದ್ದ ರಾಹುಲ್ ದ್ರಾವಿಡರು ೨೦೧೧ರಲ್ಲಿ ರಾಜಸ್ಥಾನದ ತಂಡವನ್ನು ಸೇರಿದರು. ಮುಂದೆ ಅವರು ಭಾರತದ ತಂಡಕ್ಕೆ ಶಿಕ್ಷಕರಾಗಿ ೨೦೨೪ರಲ್ಲಿ ವಿಶ್ವಕಪ್ಪಿನ ಗೆಲುವನ್ನು ಕಂಡು, ಅದೇ ವರ್ಷ ಮತ್ತೆ ರಾಜಸ್ಥಾನದ ತಂಡಕ್ಕೆ ಶಿಕ್ಷಕರಾದರು. ಬೆಂಗಳೂರಿಗೂ ರಾಜಸ್ಥಾನಕ್ಕೂ ಪಂದ್ಯ ನಡೆದಾಗ ಯಾರು ಗೆಲ್ಲಬೇಕೆಂಬ ವಿಷಯದಲ್ಲಿ ಒಂದೇ ಚಾಪೆಯ ಮೇಲೆ ಕುಳಿತ ಅಣ್ಣತಮ್ಮಂದಿರಲ್ಲಿಯೂ ಮತಭೇದ ಕಂಡುಬಂದರೆ ಆಶ್ಚರ್ಯವಿಲ್ಲ.

ಆದರೆ ಈ ಸಂಕಟವನ್ನು ಕಲಿಯಲು ತುಮಕೂರು ಸೀಮೆಯವರು ಕ್ರಿಕೆಟ್ಟಿನವರೆಗೆ ಕಾಯಬೇಕಾಗಿರಲಿಲ್ಲ. ತುಮಕೂರಿನಿಂದ ಪಶ್ಚಿಮಕ್ಕೆ ಸುಮಾರು ೨೦ ಕಿಲೋಮೀಟರು ದೂರದ ಗುಬ್ಬಿಯಲ್ಲಿ ೧೮೮೪ರಲ್ಲಿಯೇ ಒಂದು ನಾಟಕ ಮಂಡಲಿ ಹುಟ್ಟಿತು. ಊರ ದೇವರಾದ ಚನ್ನಬಸವೇಶ್ವರನ ಹೆಸರಿನಲ್ಲಿ ಆರಂಭವಾದ ಆ ಸಂಘಕ್ಕೆ ಚಿಕ್ಕ ಬಾಲಕನಾಗಿ ಸೇರಿದ ವೀರಣ್ಣನವರು ೧೯೧೭ರಲ್ಲಿ ಅದರ ಒಡೆಯರಾದರು. ಮುಂದೆ ಗುಬ್ಬಿ ಕಂಪನಿಯೆಂದರೆ ಸಾಕು, ಕನ್ನಡ ನಾಡಿನ ಯಾವ ಮೂಲೆಯಲ್ಲಿಯೂ ಬೇರೆ ಪರಿಚಯ ಬೇಕಾಗಿರಲಿಲ್ಲ. ‘ಕುರುಕ್ಷೇತ್ರ’ ನಾಟಕದಲ್ಲಿ ಅವರು ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಸಂಗತಿಯನ್ನು ನಮ್ಮ ಹಿರಿಯರು ಹೇಳಿದಷ್ಟು ಸಲವೂ ಅವರ ಕಣ್ಣುಗಳು ಅರಳುತ್ತಿದ್ದವು.

ಕಂಪನಿಯೆಂದರೆ ಬರಿಯ ನಾಟಕವಲ್ಲ, ಒಂದು ಗುರುಕುಲ. ಹಾಡು, ಮಾತು, ನಡೆ, ಬಣ್ಣ ಎಲ್ಲವನ್ನೂ ಅಲ್ಲಿ ಊಟದೊಡನೆಯೇ ಕಲಿಯಬೇಕು. ಹುಡುಗನಾದವನು ಮೊದಲು ಪರದೆಯ ಹಗ್ಗ ಹಿಡಿದು, ಬಾಲಪಾತ್ರ ಮಾಡಿ, ದೊಡ್ಡ ನಟನೊಬ್ಬ ಜ್ವರ ಬಂದು ಮಲಗಿದ ರಾತ್ರಿಯಲ್ಲಿ ಅವನ ಪಾತ್ರಕ್ಕೆ ನಿಂತು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆಯಲ್ಲಿ ಅವರ ಮಗ ಮುತ್ತುರಾಜನು ಬಾಲ್ಯದಲ್ಲಿ ಬಂದುದು ಈ ಮನೆಗೇ. ಜಿ. ವಿ. ಅಯ್ಯರ್ ಅವರು ಹುಡುಗನಾಗಿ ಸೇರಿದ್ದೂ ಈ ಮನೆಯನ್ನೇ. ಮನೆ ಬಿಟ್ಟು ಓಡಿಬಂದ ಬಾಲಕ ಬಿ. ವಿ. ಕಾರಂತರಿಗೆ ಆಶ್ರಯ ದೊರೆತದ್ದೂ ಇಲ್ಲಿಯೇ.

ಇಂಥ ಮನೆಯ ಬಾಗಿಲಿಗೆ ಚಲನಚಿತ್ರ ಬಂದು ನಿಂತಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದದ್ದು ೧೯೩೪ರಲ್ಲಿ. ಮರುವರ್ಷವೇ ‘ಸದಾರಮೆ’ಯಲ್ಲಿ ಸ್ವತಃ ವೀರಣ್ಣನವರು ಅಭಿನಯಿಸಿದರು. ೧೯೪೨ರಲ್ಲಿ ‘ಜೀವನ ನಾಟಕ’ ಬಂದಿತು. ೧೯೫೪ರ ‘ಬೇಡರ ಕಣ್ಣಪ್ಪ’ದ ನಿರ್ಮಾಣದಲ್ಲಿಯೂ ಅವರ ಸಂಸ್ಥೆಯ ಕೈಯಿತ್ತು. ಎಚ್. ಎಲ್. ಎನ್. ಸಿಂಹ ಅವರು ನಿರ್ದೇಶಿಸಿದ ಆ ಚಿತ್ರದಲ್ಲಿ ಮುತ್ತುರಾಜನು ರಾಜಕುಮಾರನೆಂಬ ಹೆಸರಿನಿಂದ ನಾಯಕನಾದನು. ನಮ್ಮ ತಿಪಟೂರಿನ ನರಸಿಂಹರಾಜು ಅವರೂ ಅಯ್ಯರ್ ಅವರೂ ಅದೇ ಚಿತ್ರದಲ್ಲಿ ಅಭಿನಯಿಸಿದರು. ಹೀಗೆ ಕದ ತೆರೆದವರು ಹೊರಗಿನವರಲ್ಲ, ಮನೆಯ ಯಜಮಾನರೇ.

ಆ ಕದದಿಂದ ನಟರು ಹೋದರು. ಅವರ ಹಿಂದೆ ಪ್ರೇಕ್ಷಕರೂ ಹೋದರು. ಎತ್ತಿನ ಗಾಡಿ ಕಟ್ಟಿಕೊಂಡು ಕಂಪನಿಯ ಮೊಕ್ಕಾಮಿಗೆ ಬರುತ್ತಿದ್ದವರ ಮಕ್ಕಳು ಟೆಂಟ್ ಸಿನಿಮಾದ ಮರಳಿನ ಮೇಲೆ ಕುಳಿತರು. ಅವರನ್ನು ದೂಷಿಸುವಂತಿಲ್ಲ. ಒಂದು ಡಬ್ಬಿಯಲ್ಲಿ ಬರುವ ಚಿತ್ರಕ್ಕೂ, ನಟರು, ವಾದ್ಯಗಾರರು, ಅಡಿಗೆಯವರು, ಪರದೆಯವರು ಎಂದು ಒಂದು ಊರಿನಷ್ಟು ಜನರಿಗೆ ದಿನವೂ ಅನ್ನ ಹಾಕಬೇಕಾದ ನಾಟಕಕ್ಕೂ ಖರ್ಚಿನಲ್ಲಿ ಹೋಲಿಕೆಯೆಲ್ಲಿ? ಆದರೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ತೆರೆಯ ಮೇಲೆ ನಮ್ಮವನನ್ನು ಕಂಡು ಚಪ್ಪಾಳೆ ತಟ್ಟಿದ ಕೈಗಳಲ್ಲಿ ಬಹಳ ಕಡಮೆ ಕೈಗಳು, ಅವನನ್ನು ತಯಾರು ಮಾಡಿದ ರಂಗದ ಮುಂದೆ ಮತ್ತೆ ಒಂದು ಟಿಕೀಟನ್ನು ಕೊಂಡವು. ವೃತ್ತಿರಂಗಭೂಮಿ ಕ್ಷೀಣಿಸಿದ್ದು ಹೋದವರಿಂದ ಎನ್ನುವುದಕ್ಕಿಂತ, ಹೋದವರ ಹಿಂದೆ ತಿರುಗಿ ನೋಡದೆ ನಡೆದ ನಮ್ಮಿಂದ ಎನ್ನುವುದು ಹೆಚ್ಚು ನ್ಯಾಯ.

ಹಾಗಾದರೆ ಹೋಗುವವನನ್ನು ತಡೆಯಬೇಕಾಗಿತ್ತೇ? ಎಂದಿಗೂ ಇಲ್ಲ. ನಮ್ಮ ಜಿಲ್ಲೆಯ ಕುಣಿಗಲಿನಲ್ಲಿ ಹೆಸರಾಂತ ಕುದುರೆ ಫಾರಂ ಇದೆ. ಟಿಪ್ಪುವಿನ ಕಾಲದಿಂದ ಅಲ್ಲಿ ಕುದುರೆಗಳನ್ನು ಸಾಕುತ್ತಿದ್ದರೆಂದು ಪ್ರತೀತಿ. ಅಲ್ಲಿ ಹುಟ್ಟಿದ ಮರಿ ಓಡಬೇಕಾದದ್ದು ಬೆಂಗಳೂರಿನಂಥ ನಗರದ ಪಂದ್ಯದ ಬಯಲಿನಲ್ಲಿ. ಕುಣಿಗಲಿನ ಹುಲ್ಲಿನಲ್ಲಿಯೇ ಅದು ಮುದಿಯಾಗಲೆಂದು ಯಾರೂ ಹಾರೈಸುವುದಿಲ್ಲ. ವೀರಣ್ಣನವರು ಈ ತತ್ತ್ವವನ್ನು ಬಲ್ಲವರಾಗಿದ್ದರು. ಬಾಲಕ ಕಾರಂತರನ್ನು ಕಂಪನಿಯಲ್ಲಿಯೇ ಉಳಿಸಿಕೊಂಡಿದ್ದರೆ ಅವರಿಗೆ ಒಬ್ಬ ಒಳ್ಳೆಯ ನಟನೂ ಗಾಯಕನೂ ದೊರೆಯುತ್ತಿದ್ದನು. ಆದರೆ ಅವರು ಕಾರಂತರನ್ನು ಹೆಚ್ಚಿನ ವಿದ್ಯೆಗಾಗಿ ಕಾಶಿಗೆ ಕಳುಹಿಸಿದರು. ಕಾರಂತರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, ೧೯೮೯ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದರು. ಕಳುಹಿಸಿದವರ ಔದಾರ್ಯವು ಕನ್ನಡ ರಂಗಭೂಮಿಗೇ ಬಡ್ಡಿಸಹಿತ ಹಿಂದಿರುಗಿತು.

ಹೋದವರೂ ಮನೆಯನ್ನು ಮರೆತವರಲ್ಲ. ‘ಬೇಡರ ಕಣ್ಣಪ್ಪ’ವಾದ ಕೆಲವು ವರ್ಷಗಳ ಮೇಲೆ ಕನ್ನಡ ಚಿತ್ರಗಳ ಕೆಲಸ ವಿರಳವಾಗಿ ಕಲಾವಿದರು ಕಷ್ಟಕ್ಕೆ ಬಿದ್ದರು. ಆಗ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಅಯ್ಯರ್ ಈ ನಾಲ್ವರೂ ಸೇರಿ ಕಲಾವಿದರ ಸಂಘವೊಂದನ್ನು ಕಟ್ಟಿಕೊಂಡು, ಬಣ್ಣದ ಪೆಟ್ಟಿಗೆಯನ್ನು ಹೊತ್ತು ಊರೂರಿಗೆ ನಾಟಕವಾಡಲು ಹೊರಟರು. ಅನಂತರ ಆ ಸಂಘದಿಂದಲೇ ೧೯೬೦ರಲ್ಲಿ ‘ರಣಧೀರ ಕಂಠೀರವ’ ಚಿತ್ರವು ಹೊರಬಂದಿತು. ತವರನ್ನು ಬಿಟ್ಟು ಹೋದ ಮಗಳಿಗೆ ಕಷ್ಟಕಾಲದಲ್ಲಿ ತವರೇ ಗತಿಯಾದಂತೆ ತೆರೆಯ ಕಲಾವಿದರಿಗೆ ರಂಗವೇ ಗತಿಯಾಯಿತು. ಬಂದ ಮಗಳಿಗೆ ಮಣೆ ಹಾಕಬೇಕಾದರೆ ತವರಿನಲ್ಲಿ ಯಾರಾದರೂ ದೀಪ ಹಚ್ಚಿಕೊಂಡು ಕುಳಿತಿರಬೇಕಷ್ಟೆ.

ಇಷ್ಟು ಬರೆಯುವ ನಾನು ಈ ವಿವೇಕವನ್ನು ಹುಟ್ಟಿನಿಂದ ಪಡೆದವನಲ್ಲ. ೧೯೯೦ರ ಸುಮಾರಿನಲ್ಲಿ ಗುಬ್ಬಿಗೂ ಕುಣಿಗಲಿಗೂ ನಡುವಣ ಒಂದು ಹಳ್ಳಿಯಲ್ಲಿ ನಾನು ಎಳೆಯ ಉಪಾಧ್ಯಾಯನಾಗಿದ್ದೆನು. ಜಾತ್ರೆಗೆ ‘ಕುರುಕ್ಷೇತ್ರ’ ನಾಟಕವನ್ನಾಡಬೇಕೆಂದು ಊರಿನವರು ಪರಸ್ಥಳದ ಹಾರ್ಮೋನಿಯಂ ಮೇಷ್ಟ್ರೊಬ್ಬರನ್ನು ಗೊತ್ತುಮಾಡಿದ್ದರು. ಸುಗ್ಗಿ ಮುಗಿದಂದಿನಿಂದ ಪ್ರತಿರಾತ್ರಿಯೂ ಶಾಲೆಯ ಜಗಲಿಯಲ್ಲಿ ಅಭ್ಯಾಸ. ಮೇಷ್ಟ್ರಿಗೆ ಸರದಿಯ ಮೇಲೆ ಮನೆಮನೆಯಲ್ಲಿ ಊಟ. ಎಮ್ಮೆ ಮೇಯಿಸುವ ಹುಡುಗನ ಬಾಯಲ್ಲಿ ಕಂದಪದ್ಯವನ್ನು ನುಡಿಸುವ ಅವರ ತಾಳ್ಮೆಯನ್ನು ಕಂಡು ನಾನು ನನ್ನ ತರಗತಿಯಲ್ಲಿ ಬೆತ್ತವನ್ನು ಬದಿಗಿಟ್ಟಿದ್ದೆನು.

ಜಾತ್ರೆಗೆ ಹದಿನೆಂಟು ದಿನಗಳಿರುವಾಗ ಮೇಷ್ಟ್ರು ಹೊರಟರು. ವೃತ್ತಿ ನಾಟಕ ಮಂಡಲಿಯೊಂದರಿಂದ ಕರೆ ಬಂದಿತ್ತು. ತಿಂಗಳ ಸಂಬಳದ ಕೆಲಸ. ಊರೆಲ್ಲ ಕೆರಳಿತು. ಅವರ ಹೆಸರನ್ನೆತ್ತಬಾರದೆಂದು ಕೆಲವರು ಆಣೆಯಿಟ್ಟರು. ನಾನಂತೂ ಓದಿಕೊಂಡ ಮದದಲ್ಲಿ ಅವರಿಗೊಂದು ಕಾಗದ ಬರೆದು, ಕೃತಘ್ನನಿಗೆ ಶಾಸ್ತ್ರಗಳಲ್ಲಿ ಪ್ರಾಯಶ್ಚಿತ್ತವೇ ಇಲ್ಲವೆಂದು ತಿಳಿಸಿದೆನು. ಭೀಷ್ಮನ ಪಾತ್ರ ಮಾಡುತ್ತಿದ್ದ ಮುದುಕ ರೈತನೊಬ್ಬ ಮಾತ್ರ ಸಿಟ್ಟಾಗಲಿಲ್ಲ.

“ನೋಡಿ ಸ್ವಾಮಿ, ಅವರು ಕಲ್ಸಿದ ರಾಗ ನಮ್ ಗಂಟ್ಲಾಗೇ ಐತೆ. ಅದನ್ನೇನು ಪೆಟ್ಟಿಗೇಲಿ ತುಂಬ್ಕಂಡು ಹೋದ್ರಾ?” ಎಂದು ಆತ ನನ್ನನ್ನು ಕೇಳಿದ. ಅಂದಿನ ರಾತ್ರಿಯೂ ಅಭ್ಯಾಸ ನಡೆಯಿತು. ಮೇಷ್ಟ್ರ ಪಕ್ಕದಲ್ಲಿ ಕುಳಿತು ಬೆರಳಾಡಿಸುವುದನ್ನು ಕಲಿತಿದ್ದ ಹುಡುಗನೇ ಹಾರ್ಮೋನಿಯಮ್ಮಿಗೆ ಕುಳಿತನು.

ಜಾತ್ರೆಯ ರಾತ್ರಿ ನಾಟಕ ಅರ್ಧವಾಗಿದ್ದಾಗ, ಜನರ ಹಿಂದೆ, ತಲೆಗೆ ವಲ್ಲಿ ಸುತ್ತಿಕೊಂಡು ಮೇಷ್ಟ್ರು ನಿಂತಿದ್ದುದನ್ನು ಯಾರೋ ನೋಡಿದರು. ಕೊನೆಯ ಬಸ್ಸಿಗೆ ಬಂದಿದ್ದರಂತೆ. ಭೀಷ್ಮನು ಗಡ್ಡ ಕಿರೀಟಗಳ ಸಮೇತ ಇಳಿದುಬಂದು ಅವರ ಕೈ ಹಿಡಿದು ಮುಂದಿನ ಸಾಲಿನಲ್ಲಿ ಕೂರಿಸಿದನು. ಹಾರ್ಮೋನಿಯಂ ಬಳಿಗೆ ಅವರನ್ನು ಯಾರೂ ಕರೆಯಲಿಲ್ಲ, ಅವರೂ ಕೇಳಲಿಲ್ಲ. ಹುಡುಗ ನುಡಿಸುತ್ತಿದ್ದನು, ಅವರು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಬೆಳಗ್ಗೆ ಊರಿನವರು ತೆಂಗಿನಕಾಯಿ, ಎಲೆಯಡಿಕೆ ಇಟ್ಟು ಅವರನ್ನು ಬೀಳ್ಕೊಟ್ಟರು. ನಾನು ಕಂಬದ ಮರೆಯಲ್ಲಿ ನಿಂತಿದ್ದೆನು. ಅವರೇ ನನ್ನ ಹತ್ತಿರಕ್ಕೆ ಬಂದು, “ನಿಮ್ಮ ಕಾಗದ ಬಂತು, ಸ್ವಾಮಿ. ಅಕ್ಷರ ಬಹಳ ಮುದ್ದಾಗಿದೆ” ಎಂದರು. ಮಗಳ ಮದುವೆಗೆ ಮಾಡಿದ ಸಾಲ ತೀರಿಸಲು ಆ ಸಂಬಳವಲ್ಲದೆ ಅವರಿಗೆ ಬೇರೆ ದಾರಿಯಿರಲಿಲ್ಲವೆಂಬುದು ನನಗೆ ಬಹಳ ದಿನಗಳ ಮೇಲೆ ಬೇರೊಬ್ಬರಿಂದ ತಿಳಿಯಿತು. ಆ ವೇಳೆಗೆ ಕ್ಷಮೆ ಬೇಡಲು ಅವರಿರಲಿಲ್ಲ.

ಅಂದಿನಿಂದ ಕಾಳಿದಾಸನ ‘ಶಾಕುಂತಲ’ದ ನಾಲ್ಕನೆಯ ಅಂಕವನ್ನು ಪಾಠ ಹೇಳುವಾಗಲೆಲ್ಲ ನನಗೊಂದು ಹೊಸ ಅರ್ಥ ತೋರುತ್ತ ಬಂದಿತು. ಗಿಡಗಳಿಗೆ ಎರೆಯದೆ ತಾನು ನೀರು ಕುಡಿಯದಿದ್ದ ಶಕುಂತಲೆಯನ್ನು ಕಣ್ವರು ಅಳುತ್ತಲೇ ಹರಸಿ ಕಳುಹಿಸುತ್ತಾರೆ. ಓದುವವರ ಕಣ್ಣೆಲ್ಲ ಹೊರಟುಹೋಗುವ ಶಕುಂತಲೆಯ ಮೇಲೆಯೇ. ಆದರೆ ಮರುದಿನ ಬೆಳಗಾದಾಗ ಆಶ್ರಮದ ಆ ಗಿಡಗಳಿಗೆ ನೀರು ಬೇಕಾಗಿತ್ತಲ್ಲವೇ? ಅದನ್ನು ಎರೆದವರು ಯಾರೋ ಇದ್ದೇ ಇರಬೇಕು. ಅವರ ಮೇಲೆ ಕವಿ ಶ್ಲೋಕ ಬರೆಯಲಿಲ್ಲ.

ಅಭಿಮಾನಿಯ ಧರ್ಮವೂ ಇದೇ ಎಂದು ನನಗೆ ತೋರುತ್ತದೆ. ಹೋಗುವವರನ್ನು ಹರಸುವುದು ಅರ್ಧ ಧರ್ಮ. ಉಳಿದ ಗಿಡಗಳಿಗೆ ನೀರೆರೆಯುವುದು ಇನ್ನರ್ಧ. ಶಿಕ್ಷಕರು ಹೋದರೆಂದು ಶಪಿಸುವವನಿಗೂ, ಶಿಕ್ಷಕರ ಹಿಂದೆಯೇ ಹೋಗಿ ಹಳೆಯ ಅಂಗಳದ ಕಡೆಗೆ ತಲೆ ಹಾಕದವನಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಇಬ್ಬರೂ ಪ್ರೀತಿಸಿದ್ದು ಗೆಲುವನ್ನು, ಆಟವನ್ನಲ್ಲ.

ವೀರಣ್ಣನವರು ೧೯೭೨ರಲ್ಲಿ ತೀರಿಕೊಂಡರು. ತುಮಕೂರಿನ ಒಂದು ಕಲಾಕ್ಷೇತ್ರಕ್ಕೆ ಅವರ ಹೆಸರಿದೆ. ಸರ್ಕಾರ ಕೊಡುವ ರಂಗಭೂಮಿಯ ಪ್ರಶಸ್ತಿಯೊಂದಕ್ಕೂ ಅವರ ಹೆಸರಿದೆ. ಇವೆಲ್ಲವೂ ಯೋಗ್ಯವೇ. ಆದರೆ ಅವರಿಗೆ ಅದಕ್ಕಿಂತಲೂ ಪ್ರಿಯವಾದ ಪೂಜೆ, ನಮ್ಮ ಸೀಮೆಯ ಹಳ್ಳಿಗಳಲ್ಲಿ ರೈತರೂ ಉಪಾಧ್ಯಾಯರೂ ಬಣ್ಣ ಹಚ್ಚಿ ಇಂದಿಗೂ ಆಡುವ ಪೌರಾಣಿಕ ನಾಟಕಗಳೇ ಎಂದು ನಾನು ನಂಬಿದ್ದೇನೆ. ಅಲ್ಲಿ ಹೆಸರಾದ ತಾರೆಯರಿಲ್ಲ. ದುರ್ಯೋಧನನ ಗದೆ ಒಮ್ಮೊಮ್ಮೆ ಜಾರುತ್ತದೆ, ಕೃಷ್ಣನ ಶ್ರುತಿ ತಪ್ಪುತ್ತದೆ. ಹಾರ್ಮೋನಿಯಮ್ಮಿನ ಹಿಂದೆ ಕುಳಿತ ಮೇಷ್ಟ್ರು ತಲೆಯಾಡಿಸಿ ಅದನ್ನು ಸರಿಪಡಿಸುತ್ತಾರೆ.

ಗೃಹಸ್ಥರಾದ ವಾಚಕರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಜಾತ್ರೆಯಲ್ಲಿ ಅಂಥ ನಾಟಕವಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿರಿ. ಒಂದು ಕಂಬಳಿಯನ್ನು ಜೊತೆಯಲ್ಲಿ ಒಯ್ಯಿರಿ, ಬೆಳಗಿನ ಜಾವಕ್ಕೆ ಚಳಿಯಾಗುತ್ತದೆ. ಊರಿನ ಶಾಲೆಯ ಬಯಲಿನಲ್ಲಿ ಹುಡುಗರ ಪಂದ್ಯವಿದ್ದರೆ ಅರ್ಧ ಗಂಟೆ ನಿಂತು ನೋಡಿರಿ. ಅಲ್ಲಿ ಕಲಿಸುತ್ತಿರುವವರು ನಾಳೆ ದೊಡ್ಡ ಊರಿಗೆ ಹೋಗಬಹುದು. ಹೋದರೆ ತೆಂಗಿನಕಾಯಿ ಕೊಟ್ಟು ಕಳುಹಿಸಿರಿ. ಮರುದಿನ ಸಂಜೆ ಮತ್ತೆ ಅದೇ ಬಯಲಿಗೆ ಹೋಗಿ ನಿಲ್ಲಿರಿ.