ಅಲ್ಲಗಳೆವ ಮಾತಿಗೂ ತೂಕವುಂಟು

ಮುಂಬಯಿ, ದೆಹಲಿ, ಚೆನ್ನೈಗಳಂಥ ಮಹಾನಗರಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಿಗೆ ಕಚೇರಿಯ ಇಂಗ್ಲಿಷು ಚೀಲದೊಡನೆಯೇ ಒಳಬರುತ್ತದೆ. ಹಾಗೆ ಬಂದ ಪದಗಳಲ್ಲಿ ಮೆಚ್ಚುಗೆಯ ಪದಗಳಿಗಿಂತ ಅಲ್ಲಗಳೆವ ಪದಗಳೇ ಬೇಗ ಬೇರೂರುವುದು ಕುತೂಹಲದ ಸಂಗತಿ. ಅಂಕಗಳು ಕಡಿಮೆಯಾದುದಕ್ಕೆ ಮಗ ನೀಡಿದ ಕಾರಣವನ್ನು ತಂದೆ 'ನಾನ್‌ಸೆನ್ಸ್' ಎಂದು ತಳ್ಳಿಹಾಕುತ್ತಾರೆ. ನೆರೆಮನೆಯವರ ಪ್ರತಾಪವರ್ಣನೆಯನ್ನು ತಾಯಿ 'ರಬ್ಬಿಷ್' ಎನ್ನುತ್ತಾರೆ. ಸಾಹಿತ್ಯಾಭಿರುಚಿಯುಳ್ಳ ಸೋದರಮಾವ 'ಹಂಬಗ್' ಎಂದು ತೀರ್ಪು ಕೊಡುತ್ತಾರೆ. ನಿಘಂಟಿನಲ್ಲಿ ಹುಡುಕಿದರೆ ಇವೆಲ್ಲಕ್ಕೂ 'ಅಸಂಬದ್ಧ', 'ಹುರುಳಿಲ್ಲದ್ದು' ಎಂಬ ಒಂದೆರಡೇ ಅರ್ಥಗಳು ಸಿಗಬಹುದು. ಆದರೆ ಬಳಕೆಯಲ್ಲಿ ಇವು ಒಂದೇ ತೂಕದ ಬಟ್ಟುಗಳಲ್ಲ. ಕೆಲವು ಪದಗಳು ಆಡಿದ ಮಾತನ್ನು ಅಲ್ಲಗಳೆಯುತ್ತವೆ. ಕೆಲವು ಆಡಿದವರ ಪ್ರಾಮಾಣಿಕತೆಯನ್ನೇ ಅಲ್ಲಗಳೆಯುತ್ತವೆ.

'ನಾನ್‌ಸೆನ್ಸ್' ಎಂದರೆ ಅರ್ಥವಿಲ್ಲದ್ದು, ಅಷ್ಟೆ. ಹೇಳಿದವರು ತಿಳಿಯದೆ ಹೇಳಿರಬಹುದು, ಅವಸರದಲ್ಲಿ ಹೇಳಿರಬಹುದು; ಅವರ ಸಜ್ಜನಿಕೆಗೆ ಅದರಿಂದ ಊನವಿಲ್ಲ. ಈ ಪದವನ್ನು ವ್ಯಕ್ತಿಗೇ ಅಂಟಿಸಿ ಬೈಗುಳವನ್ನಾಗಿ ಮಾಡಿಕೊಂಡದ್ದು ಭಾರತೀಯ ಕಚೇರಿಗಳ ಸ್ವಂತ ಸಾಧನೆ. 'ರಬ್ಬಿಷ್' ಕಸದ ಬುಟ್ಟಿಯಿಂದ ಬಂದ ಪದವಾದುದರಿಂದ ಅದರಲ್ಲಿ ತಾತ್ಸಾರ ಒಂದು ಹಿಡಿ ಹೆಚ್ಚು. ಹಳೆಯ ಇಂಗ್ಲಿಷ್ ಕಾದಂಬರಿಗಳನ್ನು ಓದಿ ಬೆಳೆದ ಹಿರಿಯರ ಬಾಯಲ್ಲಿ ಕೇಳಿಬರುವ 'ಬಾಶ್' ಎಂಬುದು ತುರ್ಕಿ ಪದ. 'ಬರಿದು' ಎಂದು ಅದರ ಅರ್ಥ. ಜೇಮ್ಸ್ ಮೋರಿಯರ್ 1834ರಲ್ಲಿ ಪ್ರಕಟಿಸಿದ 'ಆಯೇಷಾ' ಎಂಬ ಕಾದಂಬರಿಯ ಮೂಲಕ ಅದು ಇಂಗ್ಲೆಂಡಿನಲ್ಲಿ ಮನೆಮಾತಾಯಿತು.

'ಬಂಕ್' ಎಂಬ ಪದದ ಹಿಂದೆ ಒಬ್ಬ ರಾಜಕಾರಣಿಯಿದ್ದಾನೆ. 1820ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಮಿಸ್ಸೌರಿಯ ಪ್ರಶ್ನೆಯನ್ನು ಕುರಿತ ಚರ್ಚೆ ಮುಗಿಯುತ್ತ ಬಂದಾಗ ಉತ್ತರ ಕ್ಯಾರೊಲಿನದ ಫೆಲಿಕ್ಸ್ ವಾಕರ್ ಮಾತನಾಡಲು ಎದ್ದುನಿಂತ. ಸಾಕೆಂದು ಇತರರು ಕೂಗಿದರೂ ಅವನು ಬಿಡಲಿಲ್ಲ; ತನ್ನ ಕ್ಷೇತ್ರವಾದ ಬಂಕಂ ಜಿಲ್ಲೆಯವರಿಗಾಗಿ ಮಾತನಾಡಲೇಬೇಕು ಎಂದನಂತೆ. ಅಂದಿನಿಂದ ಕೇಳುಗರ ಕಿವಿಗಲ್ಲದೆ ಊರಿನವರ ಮೆಚ್ಚುಗೆಗಾಗಿ ಆಡಿದ ಪೊಳ್ಳು ಮಾತಿಗೆ ಆ ಜಿಲ್ಲೆಯ ಹೆಸರೇ ನಿಂತು, ಕಾಲಕ್ರಮದಲ್ಲಿ 'ಬಂಕ್' ಎಂದು ಕಿರಿದಾಯಿತು. ಇಂಥ ಭಾಷಣಗಳನ್ನು ಕೇಳಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ.

ಇವೆಲ್ಲಕ್ಕಿಂತ ಎಚ್ಚರದಿಂದ ಬಳಸಬೇಕಾದ ಪದ 'ಹಂಬಗ್'. ಅದು ಅಜ್ಞಾನದ ಆರೋಪವಲ್ಲ, ವಂಚನೆಯ ಆರೋಪ. ಕನ್ನಡದಲ್ಲಿ 'ಢೋಂಗಿ' ಎಂಬುದು ಅದಕ್ಕೆ ಬಹಳ ಹತ್ತಿರ. ಡಿಕನ್ಸ್ 1843ರಲ್ಲಿ ಬರೆದ ಕ್ರಿಸ್‌ಮಸ್ ಕಥೆಯ ಜಿಪುಣ ಸ್ಕ್ರೂಜನು ಹಬ್ಬವನ್ನು ಈ ಪದದಿಂದ ಹಳಿಯುವಾಗ, ಜನರ ಸಂತೋಷವೆಲ್ಲ ನಟನೆಯೆಂಬುದೇ ಅವನ ಅಭಿಪ್ರಾಯ.

ಈ ಪದ ಎಷ್ಟು ಆಳವಾಗಿ ಇರಿಯಬಲ್ಲದೆಂಬುದಕ್ಕೆ ವೈದ್ಯಶಾಸ್ತ್ರದ ಇತಿಹಾಸದಲ್ಲೇ ಒಂದು ನಿದರ್ಶನವಿದೆ. ಹೊರೇಸ್ ವೆಲ್ಸ್ ಎಂಬಾತ ಅಮೆರಿಕದ ಹಾರ್ಟ್‌ಫರ್ಡಿನ ದಂತವೈದ್ಯ. ನಗೆ ಅನಿಲವೆಂದು ಹೆಸರಾದ ನೈಟ್ರಸ್ ಆಕ್ಸೈಡಿಗೆ ನೋವನ್ನು ಮರೆಸುವ ಗುಣವಿದೆಯೆಂದು ಕಂಡುಕೊಂಡು, 1844ರ ಡಿಸೆಂಬರಿನಲ್ಲಿ ಅದನ್ನು ಸೇದಿ ತನ್ನ ಹಲ್ಲನ್ನೇ ಕೀಳಿಸಿಕೊಂಡ. ಮರುತಿಂಗಳು ಬಾಸ್ಟನ್ನಿನಲ್ಲಿ ವಿದ್ಯಾರ್ಥಿಗಳೂ ವೈದ್ಯರೂ ನೆರೆದ ಸಭೆಯಲ್ಲಿ ಪ್ರಯೋಗ ತೋರಿಸಹೋದಾಗ ಅನಿಲದ ಚೀಲವನ್ನು ಬೇಗನೆ ತೆಗೆದದ್ದರಿಂದಲೋ ಏನೋ, ಹಲ್ಲು ಕೀಳುವ ಹೊತ್ತಿಗೆ ರೋಗಿ ಕೂಗಿಕೊಂಡ. ಸಭಿಕರು ನಕ್ಕು, 'ಹಂಬಗ್' ಎಂದು ಅಬ್ಬರಿಸಿದರು. ತನಗೆ ಅಷ್ಟೇನೂ ನೋವಾಗಲಿಲ್ಲವೆಂದು ರೋಗಿಯೇ ಬಳಿಕ ಹೇಳಿದರೂ ಕೇಳುವವರಿರಲಿಲ್ಲ. ಪ್ರಯೋಗ ವಿಫಲವಾಗಿತ್ತು, ನಿಜ; ಆದರೆ ಅಲ್ಲಿ ಮೋಸವೆಂಬುದು ಲವಲೇಶವೂ ಇರಲಿಲ್ಲ. ಆ ಅವಮಾನದಿಂದ ವೆಲ್ಸ್ ಮತ್ತೆ ಚೇತರಿಸಿಕೊಳ್ಳಲಿಲ್ಲ; 1848ರಲ್ಲಿ, ಹರೆಯ ದಾಟುವ ಮುನ್ನವೇ, ನ್ಯೂಯಾರ್ಕಿನ ಸೆರೆಮನೆಯಲ್ಲಿ ಅವನ ಬಾಳು ದುರಂತದಲ್ಲಿ ಮುಗಿಯಿತು.

ಅದಕ್ಕೆ ಮೊದಲೇ, 1846ರ ಅಕ್ಟೋಬರ್ 16ರಂದು, ಅದೇ ಬಾಸ್ಟನ್ನಿನ ಮಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಈಥರ್ ಸೇದಿಸಿ ರೋಗಿಯನ್ನು ಮಲಗಿಸಿದ; ಹಿರಿಯ ಶಸ್ತ್ರವೈದ್ಯ ಜಾನ್ ವಾರೆನ್ ಕುತ್ತಿಗೆಯ ಗಡ್ಡೆಯನ್ನು ಕೊಯ್ದ. ಕೆಲಸ ಮುಗಿಸಿ ಸಭೆಯತ್ತ ತಿರುಗಿದ ವಾರೆನ್, ಇದು ಹಂಬಗ್ ಅಲ್ಲವೆಂದು ಸಾರಿದನೆಂದು ಪ್ರತೀತಿ. ಇದು ವ್ಯರ್ಥವಲ್ಲ, ಇದು ಅಸಂಬದ್ಧವಲ್ಲ ಎಂದು ಅವನು ಹೇಳಲಿಲ್ಲ; ಸಂದೇಹ ಯಾವ ಪದದಲ್ಲಿ ಹುಟ್ಟಿತ್ತೋ ಅದೇ ಪದದಲ್ಲಿ ಅದನ್ನು ತೊಳೆಯಬೇಕಾಗಿತ್ತು. ವೆಲ್ಸನ ಪಾಲಿನ ಮನ್ನಣೆ ಅಮೆರಿಕದ ದಂತವೈದ್ಯರ ಸಂಘದಿಂದ ಬಂದದ್ದು 1864ರಲ್ಲಿ, ಅವನು ತೀರಿದ 16 ವರ್ಷಗಳ ಮೇಲೆ.

ಈಚಿನ ಪೀಳಿಗೆಯ ಬಾಯಲ್ಲಿ ಸಲೀಸಾಗಿ ಹೊರಳುವ 'ಬುಲ್‌ಷಿಟ್' ಎಂಬುದು ಸಭ್ಯರ ನಡುವೆ ಆಡತಕ್ಕ ಪದವಲ್ಲ. ಆದರೂ ಹ್ಯಾರಿ ಫ್ರಾಂಕ್‌ಫರ್ಟ್ ಎಂಬ ತತ್ತ್ವಶಾಸ್ತ್ರಜ್ಞ 1986ರಲ್ಲಿ ಅದರ ಮೇಲೆ ಒಂದು ಗಂಭೀರ ಪ್ರಬಂಧವನ್ನೇ ಬರೆದ. ಸುಳ್ಳುಗಾರನಿಗೆ ಸತ್ಯವೇನೆಂಬ ಲೆಕ್ಕವಾದರೂ ಇರುತ್ತದೆ, ಅದನ್ನು ಮರೆಮಾಡುವುದೇ ಅವನ ಕೆಲಸ. ಇನ್ನೊಂದು ಬಗೆಯವನಿಗೆ ತನ್ನ ಮಾತು ನಿಜವೋ ಸುಳ್ಳೋ ಎಂಬ ಗೊಡವೆಯೇ ಇಲ್ಲ ಎಂಬುದು ಅವನ ವಾದದ ಸಾರ. ಈ ಬಗೆಯವರನ್ನು ಕನ್ನಡ ಬಹುಕಾಲದಿಂದ ಬಲ್ಲದು: ಬುರುಡೆ ಬಿಡುವವರು, ಕಂಬಿಯಿಲ್ಲದೆ ರೈಲು ಬಿಡುವವರು. ಇಂಗ್ಲಿಷ್ ಪದದಲ್ಲಿರುವ ಹೊಲಸು ಈ ನುಡಿಗಟ್ಟುಗಳಲ್ಲಿಲ್ಲ. ಕೇಳಿದವರು ನಕ್ಕು ಸುಮ್ಮನಾಗುತ್ತಾರೆ.

ಮಧುಮೇಹವನ್ನು ಮೂರು ದಿನದಲ್ಲಿ ಮಾಯ ಮಾಡುವ ಕಷಾಯವೊಂದರ ಸಂದೇಶವನ್ನು ಊರಿನ ದೊಡ್ಡಪ್ಪನವರು ಮೊಬೈಲಿಗೆ ಕಳುಹಿಸುತ್ತಾರೆನ್ನಿ. ಆ ಸಂದೇಶ ನಾನ್‌ಸೆನ್ಸ್ ಎಂಬುದರಲ್ಲಿ ಸಂಶಯವಿಲ್ಲ. ಕಷಾಯವನ್ನು ಬಾಟಲಿಯಲ್ಲಿ ತುಂಬಿ ಮಾರುವವನು ಹಂಬಗ್. ದೊಡ್ಡಪ್ಪನವರಾದರೋ ನಂಬಿ, ಮಕ್ಕಳಿಗೆ ಒಳ್ಳೆಯದಾಗಲೆಂದು ಕಳುಹಿಸಿದವರು. ಅವರಿಗೆ ಮೇಲಿನ ಎರಡೂ ಪದಗಳು ಸಲ್ಲವು. 'ಹೌದೇ ದೊಡ್ಡಪ್ಪ? ಡಾಕ್ಟರನ್ನೊಮ್ಮೆ ಕೇಳಿ ನೋಡೋಣ, ಅಲ್ಲಿಯವರೆಗೆ ಮಾತ್ರೆ ಬಿಡಬೇಡಿ' ಎಂದು ಕನ್ನಡದಲ್ಲೇ ಹೇಳಿದರೆ ಅವರು ಮಾತ್ರೆಯನ್ನೂ ಬಿಡುವುದಿಲ್ಲ, ಸಂದೇಶ ಕಳುಹಿಸುವುದನ್ನೂ ಬಿಡುವುದಿಲ್ಲ.