ಉಮೇದುವಾರನನ್ನು ಆರಿಸುವವರು ಯಾರು?

ಹೊಸಕೋಟೆಯ ದೊಡ್ಡ ಕೆರೆಯನ್ನು ಕಂಡವರು ಬೆಂಗಳೂರಿನಲ್ಲಿ ಬಹು ಮಂದಿ. ಆದರೆ 2019ರ ಡಿಸೆಂಬರಿನಲ್ಲಿ ಆ ಊರು ಕಂಡ ಉಪಚುನಾವಣೆಯು ಅಮೆರಿಕದ ರಾಜಕೀಯವನ್ನು ಅರಿಯಲು ನೆರವಾದೀತೆಂದರೆ ನಗುವವರೂ ಉಂಟು. ನಗುವ ಮುನ್ನ ಸಂಗತಿಯನ್ನಷ್ಟು ಕೇಳಬೇಕು.

2013ರಲ್ಲಿ ಕಾಂಗ್ರೆಸ್ಸಿನ ಎಂ.ಟಿ.ಬಿ. ನಾಗರಾಜ್ ಅವರು ಅಲ್ಲಿ ಭಾರತೀಯ ಜನತಾ ಪಕ್ಷದ ಬಿ.ಎನ್. ಬಚ್ಚೇಗೌಡರನ್ನು ಸೋಲಿಸಿದರು, 2018ರಲ್ಲಿ ಅವರ ಮಗ ಶರತ್ ಬಚ್ಚೇಗೌಡರನ್ನು. ಮರುವರ್ಷವೇ ನಾಗರಾಜ್ ಕಾಂಗ್ರೆಸ್ಸನ್ನು ತೊರೆದು, ಶಾಸಕತ್ವದಿಂದ ಅನರ್ಹರಾಗಿ, ಅದೇ ಭಾಜಪದ ಉಮೇದುವಾರರಾಗಿ ಬಂದು ನಿಂತರು. ವರ್ಷಾನುಗಟ್ಟಲೆ ಅವರ ವಿರುದ್ಧ ಮನೆಮನೆ ಅಲೆದ ಕಾರ್ಯಕರ್ತನು ಈಗ ಅವರಿಗಾಗಿಯೇ ಅಲೆಯಬೇಕು! ಅವನ ಅಭಿಪ್ರಾಯವನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ‘ಬಿ ಫಾರಂ’ ಮೇಲಿನಿಂದ ಇಳಿಯುತ್ತದೆ, ಅಷ್ಟೆ.

ಅಮೆರಿಕದಲ್ಲಿ ಇದನ್ನು ಕೇಳುವುದಕ್ಕೆಂದೇ ಬೇರೊಂದು ದಿನವುಂಟು. ‘ಪ್ರೈಮರಿ’ ಎಂಬ ಒಳಚುನಾವಣೆಯಲ್ಲಿ ಪಕ್ಷದ ಮತದಾರರೇ ಹುರಿಯಾಳನ್ನು ಆರಿಸುತ್ತಾರೆ. ಅಧಿಕಾರದಲ್ಲಿರುವ ಅಧ್ಯಕ್ಷನಿಗೂ ರಿಯಾಯಿತಿಯಿಲ್ಲ. 1976ರಲ್ಲಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಜೆರಾಲ್ಡ್ ಫೋರ್ಡರಿಗೆ ಸ್ವಪಕ್ಷದ ರೊನಾಲ್ಡ್ ರೇಗನ್ ಎದುರಾದರು. ನ್ಯೂ ಹ್ಯಾಂಪ್‌ಷೈರಿನಲ್ಲಿ ಕೂದಲೆಳೆಯಲ್ಲಿ ಸೋತ ರೇಗನ್ ಉತ್ತರ ಕ್ಯಾರೊಲಿನದಲ್ಲಿ ಗೆದ್ದು ಚೇತರಿಸಿಕೊಂಡರು. ಕ್ಯಾನ್ಸಸ್ ಸಿಟಿಯ ಮಹಾಧಿವೇಶನದಲ್ಲಿ ಫೋರ್ಡರಿಗೆ 1,187 ಮತ, ರೇಗನ್ನರಿಗೆ 1,070. ಗೆದ್ದ ಫೋರ್ಡರು ತಮ್ಮ ಭಾಷಣ ಮುಗಿಸಿ ಸೋತವರನ್ನು ವೇದಿಕೆಗೆ ಕರೆದರು. ಕೈಯಲ್ಲಿ ಚೀಟಿಯೂ ಇಲ್ಲದೆ ರೇಗನ್ ಆಡಿದ ನಾಲ್ಕು ಮಾತು ಸಭೆಯನ್ನೇ ಗೆದ್ದಿತು. ಆ ನವೆಂಬರಿನಲ್ಲಿ ಫೋರ್ಡ್ ಸೋತರು. 1980ರಲ್ಲಿ ರೇಗನ್ ಅಧ್ಯಕ್ಷರಾಗಿ ಆಯ್ಕೆಯಾದರು. ಸೋತವನಿಗೆ ವೇದಿಕೆ ಕೊಡುವುದು ಸದಾ ಕ್ಷೇಮವೆಂದಲ್ಲ. 1992ರಲ್ಲಿ ಅಧ್ಯಕ್ಷ ಬುಷ್ಷರನ್ನು ಎದುರಿಸಿ ಸೋತ ಪ್ಯಾಟ್ ಬ್ಯುಕ್ಯಾನನ್ ಹ್ಯೂಸ್ಟನ್ನಿನ ಅಧಿವೇಶನದಲ್ಲಿ ಸಂಸ್ಕೃತಿಯ ಸಮರವನ್ನೇ ಸಾರಿದರು. ಆ ಬೆಂಕಿಯ ಬಿಸಿ ಬುಷ್ಷರಿಗೂ ತಾಗಿತೆಂದು ಹೇಳುವವರುಂಟು.

ಒಳಚುನಾವಣೆಯಲ್ಲಿ ಸೋತವನು ಅದೇ ವರ್ಷ ಪಕ್ಷೇತರನಾಗಿ ನಿಲ್ಲದಂತೆ ಅಲ್ಲಿಯ ಹೆಚ್ಚಿನ ರಾಜ್ಯಗಳಲ್ಲಿ ಕಾನೂನಿದೆ. ಆದರೂ 2010ರಲ್ಲಿ ಅಲಾಸ್ಕದ ಸೆನೆಟರ್ ಲೀಸಾ ಮರ್ಕೌಸ್ಕಿ ಒಂದು ಸಂದು ಕಂಡುಕೊಂಡರು. ಮತಪತ್ರದಲ್ಲಿ ತಮ್ಮ ಹೆಸರು ಅಚ್ಚಾಗಿರದಿದ್ದರೂ ಮತದಾರರೇ ಅದನ್ನು ಬರೆಯಲೆಂದು ಬೇಡಿ, ಗೆದ್ದರು. ಕಾಗುಣಿತ ತಪ್ಪಿದ ಚೀಟಿಗಳ ವ್ಯಾಜ್ಯ ನ್ಯಾಯಾಲಯದವರೆಗೆ ಹೋಯಿತೆಂಬುದು ಬೇರೆ ಮಾತು. ಕಾಗುಣಿತದ ಕಷ್ಟ ನಮಗೆ ಮಾತ್ರವಲ್ಲ!

ಶರತ್ ಅವರಿಗೆ ಒಳಚುನಾವಣೆಯೂ ಇರಲಿಲ್ಲ, ಕ್ಯಾನ್ಸಸ್ ಸಿಟಿಯ ವೇದಿಕೆಯೂ ಇರಲಿಲ್ಲ, ಇದ್ದದ್ದು ನಾಮಪತ್ರವೊಂದೇ. ತಂದೆ ಭಾಜಪದ ಲೋಕಸಭಾ ಸದಸ್ಯರಾಗಿದ್ದಾಗಲೇ ಮಗ ಪಕ್ಷೇತರರಾಗಿ ನಿಂತರು. ಪಕ್ಷವು ಅವರನ್ನು ಉಚ್ಚಾಟಿಸಿತು. ಡಿಸೆಂಬರ್ 5ರಂದು ಹದಿನೈದು ಕ್ಷೇತ್ರಗಳಲ್ಲಿ ಮತದಾನ ನಡೆಯಿತು; ಹೊಸಕೋಟೆಯಲ್ಲಿ ನೂರಕ್ಕೆ ತೊಂಬತ್ತು ಮಂದಿ ಮತಗಟ್ಟೆಗೆ ಬಂದರು. ಪಕ್ಷದೊಳಗಿನ ಜಗಳವೂ ಪಕ್ಷಗಳ ನಡುವಿನ ಜಗಳವೂ ಒಂದೇ ದಿನ ತೀರ್ಮಾನವಾಗಬೇಕಾಗಿತ್ತಲ್ಲವೆ? ಶರತ್ 11,486 ಮತಗಳ ಅಂತರದಿಂದ ಗೆದ್ದರು. ಹದಿನೈದರಲ್ಲಿ ಹನ್ನೆರಡು ಭಾಜಪಕ್ಕೆ, ಎರಡು ಕಾಂಗ್ರೆಸ್ಸಿಗೆ. ಪಕ್ಷೇತರ ಗೆಲುವು ಇದೊಂದೇ.

2023ರಲ್ಲಿ ಅದೇ ಇಬ್ಬರು ಮತ್ತೆ ಎದುರುಬದುರಾದರು. ಈ ಸಲ ಶರತ್ ಕಾಂಗ್ರೆಸ್ಸಿನವರು, ನಾಗರಾಜ್ ಭಾಜಪದವರು. ಗೆದ್ದವರು ಶರತ್ ಅವರೇ.