ವ್ಯವಹಾರದ ಲೆಕ್ಕ ಬಲ್ಲರು, ಪ್ರಶ್ನೆಯ ಭಾಷೆಗೆ ಸೋಲುವರು: ತೊಗರಿ ನಾಡಿನ ಎಸ್ಸೆಸ್ಸೆಲ್ಸಿ ಗಣಿತ

ಮಟಕಿ (ಆಳಂದ ತಾಲ್ಲೂಕು): ತೊಗರಿ ರಾಶಿ ಮುಗಿದು ಚೀಲಗಳು ಮನೆ ಸೇರುವ ಹೊತ್ತಿಗೆ ಹತ್ತನೇ ತರಗತಿಯ ಪುನರಾವರ್ತನೆ ಆರಂಭವಾಗಿರುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ಭಾಗದ ರೈತರ ಮನೆಗಳಿಗೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿ ಎರಡು ಬಗೆಯ ಲೆಕ್ಕದ ಕಾಲ. ಕ್ವಿಂಟಲ್ ದರ, ತೂಕದಲ್ಲಿನ ಕಡಿತ, ಹಮಾಲಿ, ಬಾಕಿ ಉಳಿದ ಸಾಲ ಇವೆಲ್ಲ ಒಂದು ಬಗೆ. ಗಣಿತ ಪತ್ರಿಕೆಯ 80 ಅಂಕಗಳದ್ದು ಇನ್ನೊಂದು ಬಗೆ. ಮೊದಲನೆಯದನ್ನು ಬಾಯಿಲೆಕ್ಕದಲ್ಲಿ ಮುಗಿಸುವ ಮಕ್ಕಳೇ ಎರಡನೆಯದರ ಮುಂದೆ ಲೇಖನಿ ಹಿಡಿದು ಸುಮ್ಮನೆ ಕೂರುತ್ತಾರೆ.

ಇದು ಕೇವಲ ಆತಂಕದ ಮಾತಲ್ಲ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ರಾಜ್ಯದ ಫಲಿತಾಂಶ ಶೇ 66.14. ಪ್ರಥಮ ಸ್ಥಾನ ಪಡೆದ ದಕ್ಷಿಣ ಕನ್ನಡ ಜಿಲ್ಲೆಯದು ಶೇ 91.12. ಕೊನೆಯ ಸ್ಥಾನಕ್ಕೆ ಕುಸಿದ ಕಲಬುರಗಿಯದು ಶೇ 42.43. ಅರ್ಥಾತ್, ಪರೀಕ್ಷೆ ಬರೆದ ಪ್ರತಿ ನೂರು ಮಕ್ಕಳಲ್ಲಿ 57ಕ್ಕೂ ಹೆಚ್ಚು ಮಂದಿ ಮೊದಲ ಯತ್ನದಲ್ಲಿ ದಾಟಲಿಲ್ಲ. 2002ರಲ್ಲಿ ವರದಿ ನೀಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ಆಳಂದ, ಅಫಜಲಪುರ, ಜೇವರ್ಗಿ ಮೂರನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು. ಆ ಬಳಿಕ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಬಂತು, 2019ರಲ್ಲಿ ಪ್ರದೇಶದ ಹೆಸರೂ ಕಲ್ಯಾಣ ಕರ್ನಾಟಕ ಎಂದಾಯಿತು. ಫಲಿತಾಂಶದ ಪಟ್ಟಿಯಲ್ಲಿ ಮಾತ್ರ ಜಾಗ ಬದಲಾಗಲಿಲ್ಲ.

ಪತ್ರಿಕೆಯ ಸ್ವರೂಪ

ಇತ್ತೀಚಿನ ವರ್ಷಗಳ ಗಣಿತ ಪತ್ರಿಕೆಯಲ್ಲಿ ಒಟ್ಟು 38 ಪ್ರಶ್ನೆಗಳು. ಒಂದು ಅಂಕದವು 16, ಎರಡು ಅಂಕದವು 8, ಮೂರು ಅಂಕದವು 9, ನಾಲ್ಕು ಅಂಕದವು 4, ಐದು ಅಂಕದ್ದು 1. ಉಳಿದ 20 ಅಂಕ ಶಾಲೆಯ ಆಂತರಿಕ ಮೌಲ್ಯಮಾಪನದ್ದು. ಎನ್‌ಸಿಇಆರ್‌ಟಿ ಮೂಲದ ಪಠ್ಯಪುಸ್ತಕ ಬಂದ ಮೇಲೆ ಸೂತ್ರ ಹೇಳಿ ಬಿಡಿಸುವ ಲೆಕ್ಕಗಳ ಜತೆಗೆ, ಒಂದು ಸಂದರ್ಭವನ್ನು ವಾಕ್ಯದಲ್ಲಿ ವಿವರಿಸಿ ಉತ್ತರ ಕೇಳುವ ಅನ್ವಯ ಲೆಕ್ಕಗಳಿಗೂ ಸಾಕಷ್ಟು ಜಾಗ ದೊರೆತಿದೆ. ರೇಖಾತ್ಮಕ ಸಮೀಕರಣಗಳ ಜೋಡಿ, ವರ್ಗ ಸಮೀಕರಣ, ಸಮಾಂತರ ಶ್ರೇಢಿ, ತ್ರಿಕೋನಮಿತಿಯ ಅನ್ವಯ, ಘನಫಲ ಇವು ಅಂಥ ಲೆಕ್ಕಗಳ ತವರು.

ಉತ್ತೀರ್ಣತೆಯೇ ಸಂದೇಹ ಎನ್ನುವ ಮಕ್ಕಳ ಕೈಗೆ ಶಾಲೆಗಳು ಜನವರಿಯಲ್ಲಿ ಕೊಡುವುದು 'ಪಾಸಿಂಗ್ ಪ್ಯಾಕೇಜ್'. ಎರಡು ಸಮೀಕರಣಗಳನ್ನು ನಕ್ಷೆಯಿಂದ ಬಿಡಿಸುವ ನಾಲ್ಕು ಅಂಕದ ಪ್ರಶ್ನೆ, ತ್ರಿಭುಜದ ಪ್ರಮೇಯಗಳು, ವೃತ್ತದ ಸ್ಪರ್ಶಕದ ಪ್ರಮೇಯ, ಸರಾಸರಿ ಮತ್ತು ಮಧ್ಯಾಂಕ, ವರ್ಗ ಸಮೀಕರಣದ ಸೂತ್ರ ಹೀಗೆ ಪದೇ ಪದೇ ಕೇಳುವ ಭಾಗಗಳನ್ನು ಮಾತ್ರ ಆಯ್ದು ರೂಢಿ ಮಾಡಿಸುವ ವಿಧಾನವಿದು. ಇವಿಷ್ಟನ್ನು ತಪ್ಪಿಲ್ಲದೆ ಬರೆದರೆ ಗಡಿ ದಾಟಬಹುದು. ಒಂಬತ್ತು ತರಗತಿಗಳ ಕೊರತೆಯನ್ನು ಹತ್ತು ವಾರದಲ್ಲಿ ತುಂಬಬೇಕಾದ ಶಿಕ್ಷಕರನ್ನು ಇದಕ್ಕಾಗಿ ದೂರುವುದು ಅನ್ಯಾಯವಾದೀತು.

ಆದರೆ ಪ್ಯಾಕೇಜಿನ ಹೊರಗೆ ಮೊದಲು ಬೀಳುವುದು ಅನ್ವಯ ಲೆಕ್ಕವೇ. ವಿಚಿತ್ರವೆಂದರೆ, ಈ ಭಾಗದ ಮಕ್ಕಳಿಗೆ ಅತ್ಯಂತ ಹತ್ತಿರವಾದ ಗಣಿತವೂ ಅದೇ.

ಅಡತಿ ಅಂಗಡಿಯ ಬೀಜಗಣಿತ

ಒಂದು ಉದಾಹರಣೆ ನೋಡಬಹುದು. ರೈತನೊಬ್ಬ 2 ಕ್ವಿಂಟಲ್ ತೊಗರಿ ಮತ್ತು 3 ಕ್ವಿಂಟಲ್ ಜೋಳ ಮಾರಿ 25,000 ರೂಪಾಯಿ ಪಡೆದ. ಅದೇ ದರದಲ್ಲಿ ಇನ್ನೊಬ್ಬ 1 ಕ್ವಿಂಟಲ್ ತೊಗರಿ ಮತ್ತು 2 ಕ್ವಿಂಟಲ್ ಜೋಳ ಮಾರಿ 14,000 ಪಡೆದ. ದರಗಳೆಷ್ಟು? ಅಡತಿ ಅಂಗಡಿಯಲ್ಲಿ ಕುಳಿತವರು ಕಾಗದ ಕೇಳುವುದಿಲ್ಲ. ಎರಡನೆಯವನ ಮಾಲನ್ನು ದುಪ್ಪಟ್ಟು ಮಾಡಿದರೆ 2 ಕ್ವಿಂಟಲ್ ತೊಗರಿ, 4 ಕ್ವಿಂಟಲ್ ಜೋಳಕ್ಕೆ 28,000. ಮೊದಲನೆಯವನಿಗಿಂತ ಒಂದು ಕ್ವಿಂಟಲ್ ಜೋಳ ಹೆಚ್ಚು, ಹಣ 3,000 ಹೆಚ್ಚು. ಹಾಗಾದರೆ ಜೋಳ 3,000, ತೊಗರಿ 8,000.

ಪಠ್ಯಪುಸ್ತಕ ಇದನ್ನೇ 'ವರ್ಜಿಸುವ ವಿಧಾನ' ಎನ್ನುತ್ತದೆ. ಹೆಸರು ಕೇಳಿದೊಡನೆ ಮಗು ತನಗೆ ಗೊತ್ತಿಲ್ಲದ ಸಂಗತಿಯೆಂದು ಪುಟ ತಿರುವುತ್ತದೆ. ಗೊತ್ತಿದ್ದ ಲೆಕ್ಕಕ್ಕೂ ಬರೆಯಬೇಕಾದ ಲೆಕ್ಕಕ್ಕೂ ನಡುವಿನ ಸೇತುವೆ ಒಂದೇ ಸಾಲಿನದು: ತೊಗರಿಯ ದರ x, ಜೋಳದ ದರ y ಆಗಿರಲಿ. ಆ ಸಾಲನ್ನು ಬರೆಯುವ ಧೈರ್ಯ ಬಂದರೆ ಉಳಿದದ್ದು ಕೂಡಿ ಕಳೆಯುವ ಕೆಲಸ.

ತೊಡಕಿನ ಇನ್ನೊಂದು ಮೂಲ ಕನ್ನಡ ವಾಕ್ಯದಲ್ಲೇ ಇದೆ. 'ಒಂದು ಸಂಖ್ಯೆಗಿಂತ ಮೂರು ಹೆಚ್ಚು' ಎಂದರೆ ಕೂಡಬೇಕು. 'ಒಂದು ಸಂಖ್ಯೆಯ ಮೂರರಷ್ಟು' ಎಂದರೆ ಗುಣಿಸಬೇಕು. 'ಸಂಖ್ಯೆಯ ಎರಡರಷ್ಟಕ್ಕಿಂತ ಮೂರು ಕಡಿಮೆ' ಎಂದರೆ ಮೊದಲು ಗುಣಿಸಿ ಬಳಿಕ ಕಳೆಯಬೇಕು. 'ಅಷ್ಟು' ಎಂಬ ಪ್ರತ್ಯಯದ ಮೇಲೆ ಇಡೀ ಸಮೀಕರಣ ನಿಂತಿದೆ. ಪತ್ರಿಕೆಗಳೋ 'ಬೆಲೆ ಶೇ 5ರಷ್ಟು ಏರಿಕೆ' ಎಂದು ಅದನ್ನೇ ಬೇರೆ ಅರ್ಥದಲ್ಲಿ ದಿನವೂ ಬಳಸುತ್ತವೆ. 'ಕ್ರಮವಾಗಿ' ಎಂಬ ಪದವೂ ಅಂಥದ್ದೇ. ಅದು ಯಾರ ಮನೆಯ ಮಾತಿನಲ್ಲೂ ಇಲ್ಲ, ಪ್ರಶ್ನೆಪತ್ರಿಕೆಯಲ್ಲಿ ತಪ್ಪುವುದಿಲ್ಲ. ಮಹಾರಾಷ್ಟ್ರಕ್ಕೆ ಹೊಂದಿಕೊಂಡ ಆಳಂದ ಗಡಿಯಲ್ಲಿ ಮನೆಮಾತು ಮರಾಠಿ, ಉರ್ದು ಅಥವಾ ಲಂಬಾಣಿಯಾಗಿದ್ದು ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿಗೆ ಈ ವಾಕ್ಯಗಳು ಎರಡು ಬಾರಿ ಅನುವಾದವಾಗಬೇಕು. ಗಣಿತದ ಅನುತ್ತೀರ್ಣತೆ ಎಂದು ದಾಖಲಾಗುವುದರಲ್ಲಿ ಒಂದು ಪಾಲು ವಾಸ್ತವದಲ್ಲಿ ಓದಿನ ಅನುತ್ತೀರ್ಣತೆ.

ಮಂಚಿಗೆಯ ಮೇಲಿನ ಕೋನ

ತ್ರಿಕೋನಮಿತಿಯಲ್ಲಿ ತಪ್ಪು ನಡೆಯುವುದು ಸೂತ್ರದಲ್ಲಲ್ಲ, ಚಿತ್ರದಲ್ಲಿ. ಜೋಳದ ಹೊಲದಲ್ಲಿ ಹಕ್ಕಿ ಕಾಯುವ ಮಂಚಿಗೆಯ ಮೇಲೆ ಕುಳಿತವನ ಕಣ್ಣು ನೆಲದಿಂದ 3 ಮೀಟರ್ ಎತ್ತರದಲ್ಲಿದೆ ಎನ್ನೋಣ. ನೆಲದ ಮೇಲಿನ ಒಂದು ಕಲ್ಲನ್ನು ಅವನು 30 ಡಿಗ್ರಿ ಅವನತ ಕೋನದಲ್ಲಿ ಕಾಣುತ್ತಾನೆ. ಕಲ್ಲು ಎಷ್ಟು ದೂರದಲ್ಲಿದೆ? ಅವನತ ಕೋನವನ್ನು ಅಳೆಯುವುದು ಕಣ್ಣಿನ ಮಟ್ಟದ ಅಡ್ಡಗೆರೆಯಿಂದ. ಹಾಗೆ ಗುರುತಿಸಿದರೆ ಉತ್ತರ 3√3, ಅಂದರೆ ಸುಮಾರು 5.2 ಮೀಟರ್. ಆದರೆ ಅನೇಕರು ಕೋನವನ್ನು ಮಂಚಿಗೆಯ ಕಂಬಕ್ಕೆ ಅಂಟಿಸುತ್ತಾರೆ. ಆಗ ಬರುವುದು √3, ಸುಮಾರು 1.7 ಮೀಟರ್. ಮಂಚಿಗೆ ಹತ್ತಿದ ಅನುಭವವಿರುವ ಯಾರಿಗೂ ಗೊತ್ತು: ಅಷ್ಟು ಹತ್ತಿರದ ಕಲ್ಲನ್ನು ನೋಡಲು ತಲೆಯನ್ನು ಬಹಳ ತಗ್ಗಿಸಬೇಕು, 30 ಡಿಗ್ರಿ ಸಾಲದು. ಉತ್ತರ ಸರಿಯೇ ಎಂದು ಹೊಲಕ್ಕೆ ಹೋಲಿಸಿ ನೋಡುವ ಅಭ್ಯಾಸವನ್ನು ತರಗತಿ ಬೆಳೆಸುವುದಿಲ್ಲ.

ಘನಫಲದಲ್ಲಿ ವ್ಯಾಸ ಮತ್ತು ತ್ರಿಜ್ಯದ ಗೊಂದಲ ಹಳೆಯ ಕಾಯಿಲೆ. ಧಾನ್ಯ ತುಂಬುವ ಹಗೇವನ್ನು ಸಿಲಿಂಡರ್ ಎಂದೇ ಭಾವಿಸಿದರೆ, 1.4 ಮೀಟರ್ ವ್ಯಾಸ, 2 ಮೀಟರ್ ಆಳಕ್ಕೆ ಘನಫಲ 3.08 ಘನ ಮೀಟರ್. ವ್ಯಾಸವನ್ನೇ ತ್ರಿಜ್ಯವೆಂದು ಹಾಕಿದರೆ 12.32. ಇದ್ದ ಜಾಗದ ನಾಲ್ಕು ಪಟ್ಟು ಧಾನ್ಯ ಕಾಗದದ ಮೇಲೆ ತುಂಬಿರುತ್ತದೆ.

ಗಡಿ ಇಳಿದರೆ ಸಾಕೇ?

ಸರ್ಕಾರದ ಉತ್ತರ ಬಹುಪಾಲು ಗಡಿಯ ಕುರಿತದ್ದು. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದ 2024ರಲ್ಲಿ ಕುಸಿಯಿತು. ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೂ ಅದು ಶೇ 73.40ರಲ್ಲಿ ನಿಂತಿತು. 2025ರಲ್ಲಿ ಆ ಊರುಗೋಲು ಇರಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಉತ್ತೀರ್ಣತೆಯ ಮಟ್ಟವನ್ನು ಶೇ 35ರಿಂದ 33ಕ್ಕೆ ಇಳಿಸುವ ನಿರ್ಧಾರ ಪ್ರಕಟವಾಯಿತು: 2025-26ರಿಂದ 625ಕ್ಕೆ 206, ಪ್ರತಿ ವಿಷಯದಲ್ಲಿ ಕನಿಷ್ಠ 30. ಇದರಿಂದ ಕೆಲವು ಸಾವಿರ ಮಕ್ಕಳಿಗೆ ಪಿಯು ಬಾಗಿಲು ತೆರೆಯುವುದಾದರೆ ಆಕ್ಷೇಪಿಸುವ ಅಗತ್ಯವಿಲ್ಲ. ಆದರೆ ಪಾಲಿಟೆಕ್ನಿಕ್ ಪ್ರವೇಶದಲ್ಲಿ ಪರಿಗಣನೆಗೆ ಬರುವುದು ಗಣಿತ ಮತ್ತು ವಿಜ್ಞಾನದ ಅಂಕಗಳು. ಅಲ್ಲಿ 30 ಪಡೆದವರು ಸಾಲಿನ ತುದಿಯಲ್ಲೇ ನಿಲ್ಲುತ್ತಾರೆ.

ಉಳಿದಿರುವ ಸಮಯದಲ್ಲಿ ಪ್ಯಾಕೇಜಿನ ಜತೆಗೆ ದಿನಕ್ಕೆ ಒಂದು ಅನ್ವಯ ಲೆಕ್ಕ ಸಾಧ್ಯವಿದೆ. ಅದನ್ನು ಬಿಡಿಸಲೇಬೇಕೆಂದಿಲ್ಲ. ಪ್ರಶ್ನೆಯನ್ನು ಗಟ್ಟಿಯಾಗಿ ಓದಿ, ಮನೆಯ ಮಾತಿನಲ್ಲಿ ಹೇಳಿ, ಏನು ಗೊತ್ತು ಏನು ಬೇಕು ಎಂದು ಬರೆದು, ಚಿತ್ರ ಎಳೆದರೆ ಮೊದಲ ವಾರಕ್ಕೆ ಅಷ್ಟೇ ಸಾಕು. ಮೌಲ್ಯಮಾಪನದಲ್ಲಿ ಸರಿಯಾದ ಚಿತ್ರಕ್ಕೂ ಹಂತಗಳಿಗೂ ಅಂಕವಿದೆ. ಅಂತಿಮ ಉತ್ತರ ತಪ್ಪಿದರೆ ಎಲ್ಲವೂ ಹೋಯಿತೆಂದು ಬರೆದದ್ದನ್ನು ಹೊಡೆದುಹಾಕುವ ಮಕ್ಕಳು ಕೈಗೆ ಬಂದ ಅಂಕವನ್ನೇ ಬಿಟ್ಟುಕೊಡುತ್ತಾರೆ.

ಮಾರ್ಚ್‌ನಲ್ಲಿ ತಪ್ಪಿದವರಿಗೆ 2023-24ರಲ್ಲಿ ಆರಂಭವಾದ ವ್ಯವಸ್ಥೆಯಲ್ಲಿ ಅದೇ ವರ್ಷ ಪರೀಕ್ಷೆ-2 ಮತ್ತು ಪರೀಕ್ಷೆ-3 ಇದ್ದವು. ಮೂರರಲ್ಲಿ ಗಳಿಸಿದ ಉತ್ತಮ ಅಂಕವನ್ನು ಉಳಿಸಿಕೊಳ್ಳಬಹುದಿತ್ತು. 2025ರಲ್ಲಿ ಎರಡನೆಯದು ಮೇ ಅಂತ್ಯಕ್ಕೆ, ಮೂರನೆಯದು ಜುಲೈ ಮೊದಲಾರ್ಧಕ್ಕೆ ನಡೆದವು. ಮುಂಗಾರು ಬಿತ್ತನೆಗೆ ಹೊಲ ಕರೆಯುವ, ಇಲ್ಲವೇ ಪುಣೆ, ಮುಂಬೈಗೆ ದುಡಿಯಲು ಹೊರಟವರ ಜತೆ ಬಸ್ ಹತ್ತುವ ದಿನಗಳೂ ಅವೇ ಆಗಿರುವುದರಿಂದ, ಪರೀಕ್ಷೆ-2ರ ನೋಂದಣಿಯನ್ನು ಫಲಿತಾಂಶ ಬಂದ ವಾರದಲ್ಲೇ ಶಾಲೆಯಲ್ಲಿ ಮುಗಿಸಿಕೊಳ್ಳುವುದು ಒಳಿತು.